ತೊಗಲಿನ ತೋಪು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ತೋಪು ಹುಣಸೆಯದು ಎಂದು ನಾನು, ಹೊಂಗೆಯದು ಎಂದು ಸೋದರತ್ತೆ. ಅಲ್ಲಿಂದಲೇ ನಮಗೆ ಒಮ್ಮತವಿಲ್ಲ. ಆದರೆ ಮೊನ್ನೆ ಮೊಮ್ಮಗಳ ಒದ್ದೆ ತಲೆ ಒರೆಸುತ್ತಾ, ಗೊತ್ತಿಲ್ಲದೆಯೇ ಅವಳ ಬೈತಲೆಗೆ ಊದಿಬಿಟ್ಟೆ. "ಅಜ್ಜಿ, ಚಳಿ ಆಗುತ್ತೆ. ಯಾಕೆ ಊದ್ತೀಯ?" ಎಂದಳು.

ಯಾಕೆಂದು ನಿಮಗೆ ಹೇಳುತ್ತೇನೆ. ಬೈರಕೂರಿನ ಆಚೆ, ಆಂಧ್ರದ ಗಡಿಗೆ ಹತ್ತಿರದ ಆ ತೋಪಿನಲ್ಲಿ ವರ್ಷಕ್ಕೊಮ್ಮೆ, ರಾಗಿ ಕಣ ಮುಗಿದ ಮೇಲೆ, ಬೇಟೆಗಾರರೂ ತೊಗಲಿನ ವ್ಯಾಪಾರಿಗಳೂ ಸೇರುತ್ತಿದ್ದರು. ಮುಂಗುಸಿ, ಕಾಡುಬೆಕ್ಕು, ನರಿ. ಕಾನೂನು ಆಗಲೇ ಬಂದಿತ್ತಂತೆ. ತೋಪಿನವರೆಗೆ ಇನ್ನೂ ಬಂದಿರಲಿಲ್ಲ. ನನ್ನ ತಾತ ಆ ವ್ಯಾಪಾರಿಗಳಲ್ಲೊಬ್ಬರು. ನಾನು ಅದನ್ನು ಜಾತ್ರೆ ಎಂದುಕೊಂಡು ಒಮ್ಮೆ ಹೊಸ ಲಂಗ ತೊಟ್ಟು ಅವರ ಸೈಕಲ್ ಏರಿದ್ದೆ. ಬಳೆಯಂಗಡಿ ಹುಡುಕಿದವಳಿಗೆ ಸಿಕ್ಕಿದ್ದು ನೊಣ ಮತ್ತು ವಾಸನೆ.

ತಾತ ತೊಗಲನ್ನು ತೊಡೆಯ ಮೇಲೆ ಹಾಸಿಕೊಂಡು, ಕೂದಲಿಗೆ ಎದುರಾಗಿ ಊದುತ್ತಿದ್ದರು. ಕೂದಲು ಬಿರಿದು ಬುಡ ಕಾಣುತ್ತಿತ್ತು. ಬುಡ ಗಟ್ಟಿಯಿದ್ದರೆ "ನಿಂತೈತೆ" ಎನ್ನುತ್ತಿದ್ದರು. ಸಡಿಲವಿದ್ದರೆ ಮಾತಿಲ್ಲ. ತಂದವನಿಗೆ ನಾಲ್ಕು ಜನರೆದುರು ಅವಮಾನವಾಗಬಾರದೆಂದು, ಆ ಕೂದಲನ್ನು ಅಂಗೈಯಿಂದ ಮೆಲ್ಲಗೆ ಸವರಿ ತೊಗಲನ್ನು ಕೊಳ್ಳದೆ ಪಕ್ಕಕ್ಕಿಡುತ್ತಿದ್ದರು. ತೋಪಿನ ಎಲ್ಲ ವ್ಯಾಪಾರಿಗಳ ರೂಢಿಯೂ ಅದೇ. ಒಬ್ಬ ಮುದುಕ ಬೇಟೆಗಾರ ತೆಲುಗಿನ ಎಳೆತದಲ್ಲಿ, "ಸವರ್ಬೇಡ ಸಾಮಿ, ಅದಕ್ಕಿಂತ ಬೈದ್ಬಿಡು" ಎಂದದ್ದಕ್ಕೆ ಎಲ್ಲರೂ ನಕ್ಕಿದ್ದರು.

ಮನೆಯಲ್ಲಿ ನನ್ನ ತಲೆಗೂ ತಂಗಿಯ ತಲೆಗೂ ಹಾಗೆಯೇ ಊದಿ "ನಿಂತೈತೆ" ಎಂದು ನಗಿಸುತ್ತಿದ್ದರು.

ಒಂದು ವರ್ಷ ತೋಪು ಸೇರುವ ಹೊತ್ತಿಗೇ ಇಬ್ಬರಿಗೂ ಜ್ವರ ಬಂತು. ಅಪ್ಪ, ಅಮ್ಮ ಊರಲ್ಲಿರಲಿಲ್ಲ. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ, ಅಪ್ಪನ ತಂಗಿ. ಹೊರಡುವ ಮುಂಚೆ ತಾತ ಚಾಪೆಯ ಬಳಿ ಕೂತು ನನ್ನ ತಲೆಗೆ ಊದಿದರು. "ನಿಂತೈತೆ." ತಂಗಿಯ ತಲೆಗೂ ಊದಿದರು. ಏನೂ ಹೇಳಲಿಲ್ಲ. ಅಂಗೈಯಿಂದ ಮೆಲ್ಲಗೆ ಸವರಿ, ಎದ್ದು ತೋಪಿಗೆ ಹೋದರು. ಅವಳನ್ನು ಕೋಲಾರದ ಆಸ್ಪತ್ರೆಗೆ ಒಯ್ದದ್ದು ಅವರು ಮರಳಿದ ಮೇಲೆ. ಅವಳು ಮರಳಲಿಲ್ಲ.

ನಾನು ಇತಿಹಾಸ ಓದಿದವಳು. ಇದಕ್ಕೆ ನಾನೊಬ್ಬಳೇ ಸಾಕ್ಷಿ, ನನಗೂ ಆಗ ಜ್ವರ. ಬೇರೆಯವರ ಬರಹದಲ್ಲಾದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಮಕ್ಕಳ ತಲೆ ಸವರದ ತಾತ ಯಾರಿದ್ದಾರೆ? ಮರುವರ್ಷದಿಂದ ಅವರು ತೋಪಿಗೆ ಹೋಗಲಿಲ್ಲ. ಪೊಲೀಸರ ಭಯ ಎಂದರು ಮನೆಯವರು. ನನ್ನ ತಲೆಗೂ ಮತ್ತೆ ಊದಲಿಲ್ಲ.

ಈಗ ಮೊಮ್ಮಗಳ ಕೈಗೇ ಟವೆಲು ಕೊಡುತ್ತೇನೆ. ಊದುವುದಿಲ್ಲ, ಸವರಲಂತೂ ಕೈ ಬರುವುದಿಲ್ಲ. ನಿನ್ನೆ ಮುಳಬಾಗಿಲಿಗೆ ಹೋಗಿ ಅತ್ತೆಯ ಎದುರು ಕೂತೆ. ಅವರು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು.

"ಅತ್ತೆ, ಅವತ್ತು ತಾತಂಗೆ ಗೊತ್ತಿತ್ತಾ? ಗೊತ್ತಿದ್ದೂ ಹೋದ್ರಾ?"

ತುಂಬಿದ ಬಟ್ಟಲನ್ನು ಅವರು ಪಕ್ಕಕ್ಕಿಟ್ಟರು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಅದು ಹುಣಸೆ ತೋಪಲ್ಲ ಕಣೇ, ಹೊಂಗೆ" ಎಂದರು.