ಮುಯ್ಯಾಳು

ರಜೆಯಲ್ಲಿ ಹೊಲಕ್ಕೆ ಹೋಗಿ ಕೆಲಸ ಮಾಡಬೇಕು ಎಂಬ ವಿಚಾರ ನಮ್ಮ ಮನೆಯವರ ತಲೆಗೆ ಬಂದದ್ದು ಒಂದು ವಾರಪತ್ರಿಕೆಯಿಂದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಸವಣೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅವರು ಕಚೇರಿಯೊಂದರಲ್ಲಿ ಗುಮಾಸ್ತರು. ಪರದೇಶದಲ್ಲಿ ಪಟ್ಟಣದ ಜನ ಸೂಟಿ ಸಿಕ್ಕರೆ ರೈತರ ಮನೆಗೆ ಹೋಗಿ ಉಳಿಯುತ್ತಾರಂತೆ, ಹಾಲು ಹಿಂಡುತ್ತಾರಂತೆ, ಕಳೆ ಕೀಳುತ್ತಾರಂತೆ, ಮೇಲೆ ಅದಕ್ಕೆ ದುಡ್ಡನ್ನೂ ಕೊಡುತ್ತಾರಂತೆ. ಓದಿ ಮುಗಿಸಿ, “ದಸರಾ ಸೂಟಿಗೆ ನಾವೂ ಹಂಗ ಮಾಡೂಣು,” ಎಂದರು. ಅಲ್ಲಿಯವರೆಗೆ ಅವರು ಎತ್ತಿದ ಭಾರವೆಂದರೆ ಕಚೇರಿಯ ಕಡತ.

ನಾನು ತಕ್ಷಣ ಹೂಂ ಅಂದೆ. ನನಗೆ ಬೇಕಾಗಿದ್ದದ್ದು ಹೊಲವಲ್ಲ, ಅಕ್ಕ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅವಳನ್ನು ಅಬಲೂರಿನ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೂ ಹೊಲ ತಾನೇ ಮಾಡುತ್ತಿದ್ದಳು. ನನ್ನ ಮದುವೆಯಾದಾಗಿನಿಂದ ಒಮ್ಮೆಯೂ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಕರೆದಾಗಲೆಲ್ಲ ಒಂದೇ ಮಾತು: “ಕೆಲಸ ಇಲ್ಲದ ಮನ್ಯಾಗ ನಾ ಬಂದು ಏನ್ ಮಾಡ್ಲಿ? ಕುಂತು ಉಣ್ಣಾಕ ನನಗ ಬರಂಗಿಲ್ಲ.” ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಅವಳು ಬರದಿದ್ದರೆ ನಾವಾದರೂ ಹೋಗೋಣ ಎಂದುಕೊಂಡೆ.

ತಯಾರಿ ಬಹಳ ದಿನ ನಡೆಯಿತು. ಮನೆಯವರು ಖಾಕಿ ಚಡ್ಡಿ ಹೊಲಿಸಿದರು, ಅಗಲ ಅಂಚಿನ ಟೊಪ್ಪಿಗೆ ತಂದರು, ಸೊಂಟನೋವಿನ ಮುಲಾಮನ್ನು ಮುಂಗಡವಾಗಿಯೇ ತಂದರು. ಬೆಳಿಗ್ಗೆ ಕೊಟ್ಟಿಗೆ, ಮಧ್ಯಾಹ್ನ ಹೊಲ, ಸಂಜೆ ಹಳೆಯ ಗುಡಿಯ ಶಾಸನ ನೋಡುವುದು ಎಂದು ಕ್ರಮ ಹಾಕಿದರು. ಊಟ, ವಸತಿಗೆ ಏನು ಕೊಡೋಣ ಎಂದು ಕೇಳಿದಾಗ ಮಾತ್ರ ನಾನು ತಡೆದೆ. “ದುಡ್ಡಿನ ಮಾತು ಎತ್ತಿದ್ರ ಅಕ್ಕ ನಮ್ಮನ್ನ ಬಾಗಲದಿಂದನ ಹೊಳ್ಳಿ ಕಳಸ್ತಾಳ್ರಿ,” ಎಂದೆ. ಆ ಕಡೆ ಹೋಗುವವರ ಕೈಲಿ ಇಷ್ಟೇ ಹೇಳಿ ಕಳಿಸಿದೆವು: ಕೆಲಸ ಮಾಡಲು ಬರುತ್ತಿದ್ದೇವೆ.

ಅದು ತಪ್ಪಾಯಿತು. ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಅಬಲೂರಿನಲ್ಲಿ ಇಳಿಯುವ ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತ್ತು: ಗುಮಾಸ್ತರ ನೌಕರಿ ಹೋಗಿದೆ, ಕೂಲಿಗೆ ಬರುತ್ತಿದ್ದಾರೆ. ಹಿರಿಯರೊಬ್ಬರು ಕಟ್ಟೆಯಿಂದ ಇಳಿದು ಬಂದು ಮನೆಯವರ ಕೈ ಹಿಡಿದು, “ಧೈರ್ಯಾ ಬಿಡಬ್ಯಾಡ್ರಿ,” ಎಂದರು. ಖಾಕಿ ಚಡ್ಡಿ ನೋಡಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಮರುದಿನ ಶೇಂಗಾ ಕೀಳಲು ಹೋದೆವು. ಮನೆಯವರು ಕಿತ್ತರೆ ಬಳ್ಳಿ ಮಾತ್ರ ಬರುತ್ತಿತ್ತು, ಕಾಯಿ ಮಣ್ಣಿನಲ್ಲೇ ಉಳಿಯುತ್ತಿತ್ತು. ಅಕ್ಕ ಹಿಂದಿನಿಂದ ಕೆದರಿ ಆರಿಸುತ್ತ ಬಂದಳು. ಪಕ್ಕದ ಹೊಲದವಳು ಬದುವಿನ ಮೇಲೆ ನಿಂತು, “ಏನಬೇ, ತಂಗಿ ಗಂಡಗ ಕೂಲಿ ಎಷ್ಟ ಕೊಡ್ತೀ?” ಎಂದು ಕೇಳಿದಳು.

ಅಕ್ಕನ ಮುಖ ಕೆಂಪಾಯಿತು. “ಕೂಲಿ ಅಲ್ಲ. ಮುಯ್ಯಾಳು ಬಂದಾರ.”

ಮುಯ್ಯಿ ಅಂದರೆ ನಮ್ಮ ಕಡೆ ಕೂಲಿಯಿಲ್ಲದ ಕೆಲಸ. ಇಂದು ನೀವು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿಮ್ಮ ಹೊಲಕ್ಕೆ ಬಂದು ಅಷ್ಟೇ ಮಾಡಿಕೊಡಬೇಕು. ತೀರಿಸದವರ ಹೊಲಕ್ಕೆ ಮತ್ತೆ ಯಾರೂ ಕಾಲಿಡುವುದಿಲ್ಲ.

“ಅವರಿಗೆ ಹೊಲ ಎಲ್ಲೈತಿ? ಎಲ್ಲಿಗೆ ಹೋಗಿ ತೀರಸ್ತೀ?” ಪಕ್ಕದವಳು ಬಿಡಲಿಲ್ಲ. ಅಕ್ಕ ಬುಟ್ಟಿ ಎತ್ತಿಕೊಂಡು ಹೋದಳು.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಸವಣೂರಿನ ನಮ್ಮ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ರೊಟ್ಟಿಯ ಗಂಟು. “ಮುಯ್ಯಿ ತೀರಸಾಕ ಬಂದೇನಿ. ಏನ್ ಕೆಲಸ ಐತಿ ಹೇಳ್ರಿ.” ನನಗೆ ಕುಣಿಯುವಷ್ಟು ಸಂತೋಷ, ಮನೆಯವರಿಗೆ ದಿಗಿಲು. ನಮ್ಮ ಒಟ್ಟು ಜಮೀನೆಂದರೆ ತುಳಸಿ ನೆಟ್ಟ ಎಣ್ಣೆ ಡಬ್ಬಿ.

ಈಗ ಅಕ್ಕನ ಕೆಲಸ ಮಾಡುವ ರಜೆಗೆ ನಾವು ತಯಾರಿ ಮಾಡಬೇಕಾಯಿತು. ಕೆಲಸ ಮುಗಿದ ಗಳಿಗೆ ಅವಳು ಹೊರಡುತ್ತಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಕ್ಕಿ ಆರಿಸಲು ಕೊಟ್ಟರೆ ನಾನು ಚಹಾ ಕಾಸುವಷ್ಟರಲ್ಲಿ ಮುಗಿಸಿದಳು. ಖಾರ ಕುಟ್ಟಿದಳು, ಗೋಡೆಗೆ ಸುಣ್ಣ ಬಳಿದಳು. ಮನೆಯವರು ಮನೆಮಾಲೀಕರ ಕಟ್ಟಿಗೆಯನ್ನೆಲ್ಲ ಬೇಡಿ ತಂದು ಸೀಳಲು ಹಾಕಿದರು. ಅದೂ ಮುಗಿಯಿತು, ಮಾಲೀಕರು ಬಹಳ ಸಂತೋಷಪಟ್ಟರು. ಕೊನೆಗೆ ನಾನು ಪೆಟ್ಟಿಗೆಯಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ತೆಗೆದೆ. ಸಾಲದೆಂದು ಚೆನ್ನಾಗಿದ್ದ ಒಂದನ್ನೂ ಹರಿದು ಅವಳ ಮುಂದೆ ಗುಡ್ಡೆ ಹಾಕಿ, “ಕೌದಿ ಹೊಲಿದು ಕೊಡು,” ಎಂದೆ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಹೊದಿಕೆ ಅದು, ಬೇಗ ಮುಗಿಯುವ ಹೊಲಿಗೆಯಲ್ಲ.

ಅಕ್ಕ ಆ ಒಳ್ಳೆಯ ಸೀರೆಯ ಹರುಕನ್ನು ತಿರುವಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಸೂಜಿ ಪೋಣಿಸಿದಳು. ಮಧ್ಯಾಹ್ನವೆಲ್ಲ ಆ ಬದಿ ಅವಳು, ಈ ಬದಿ ನಾನು ಕೂತು ಹೊಲಿಯುತ್ತಿದ್ದೆವು. ಅಷ್ಟು ನೆಮ್ಮದಿ ಆ ಮನೆಯಲ್ಲಿ ನನಗೆ ಮೊದಲು ಇರಲಿಲ್ಲ.

ಒಂದು ದಿನ ಅಕ್ಕ ಅರ್ಧ ಕೌದಿಗೆ ಸೂಜಿ ಚುಚ್ಚಿಟ್ಟು ಮಡಚಿದಳು. ಜೋಳಕ್ಕೆ ಹಕ್ಕಿಗಳು ಬೀಳುತ್ತವೆ, ಹೊರಡುತ್ತೇನೆ ಎಂದಳು.

“ಅಕ್ಕಾ, ಇನ್ನೂ ಅರ್ಧ ಉಳದೈತಿ. ಮುಯ್ಯಿ ತೀರಲಿಲ್ಲ,” ಎಂದೆ.

“ನನಗ ಗೊತ್ತೈತಿ. ನೀ ಅದನ್ನ ಮುಟ್ಟಬ್ಯಾಡ.”

ಆ ಸಲ ಚಳಿ ಜೋರಿತ್ತು. ಉಳಿದದ್ದನ್ನು ನೀನೇ ಹೊಲಿದು ಮುಗಿಸಬಾರದೇ ಎಂದು ಮನೆಯವರು ದಿನಾ ಅಂದರು. ಸಂತೆಯಿಂದ ಒಂದು ಕಂಬಳಿ ತರ್ರಿ ಎಂದು ಹೇಳಿ, ಕೌದಿಯನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದೆ.