ಅಟ್ಟೆಯ ಹಿಂದೆ ಬರೆದ ಸಾಲು

ಹೋದ ವಾರ ದೊಡ್ಡಬಳ್ಳಾಪುರದ ಒಂದು ಗುಜರಿ ಅಂಗಡಿಯ ಮುಂದೆ ಹಳೇ ಮಿಕ್ಸಿ ಹಿಡಿದು ನಿಂತಿದ್ದೆ. ಒಳಗಿನಿಂದ ಒಂದು ವಾಸನೆ ಬಂತು. ಮಗ್ಗದ ಎಣ್ಣೆ, ಹಳೇ ರಟ್ಟು, ಅದರೊಳಗೆ ಕೂತ ದೂಳು. ಬಗ್ಗಿ ನೋಡಿದರೆ ಜಕಾರ್ಡ್ ಅಟ್ಟೆಗಳ ರಾಶಿ. ಸೀರೆಯ ಅಂಚಿಗೆ ಹೂವೋ ನವಿಲೋ ಬರಬೇಕಾದರೆ ಮಗ್ಗದ ಮೇಲೆ ಹಾಕುತ್ತಿದ್ದ ತೂತುತೂತಿನ ರಟ್ಟಿನ ಪಟ್ಟಿಗಳು ಅವು. ಒಂದಕ್ಕೊಂದು ದಾರದಲ್ಲಿ ಪೋಣಿಸಿ ಸರ ಮಾಡಿರುತ್ತಾರೆ. ಈಗ ಆ ಕೆಲಸವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುತ್ತದೆ.

"ಏನಮ್ಮಾ, ಬೇಕಾ? ತಗೊಂಡೋಗಿ, ಒಲೆಗಾಗ್ತದೆ," ಎಂದರು ಅಂಗಡಿಯವರು. ಬೇಡ ಎಂದೆ. ದನಿ ಯಾಕೋ ಜೋರಾಗಿಬಿಟ್ಟಿತು. ಅವರು ಪಾಪ, ನಾನೇನು ತಪ್ಪು ಮಾತಾಡಿದೆ ಅನ್ನುವ ಹಾಗೆ ನನ್ನನ್ನೇ ನೋಡಿದರು. ನನ್ನ ಸಿಟ್ಟು ಅವರ ಮೇಲಿನದಲ್ಲ. ಅದು ಹಳೆಯದು...

ದೇವನಹಳ್ಳಿ ಕಡೆ ಏರ್‌ಪೋರ್ಟ್ ಏಳುತ್ತಿದ್ದ ವರ್ಷಗಳವು. ನೆಲದ ಬೆಲೆ ಏರಿದ ಹುಮ್ಮಸ್ಸಿನಲ್ಲಿ ಕಾಲೇಜುಗಳೂ ಎದ್ದವು. ನಾನು ಕಂಪ್ಯೂಟರ್ ಡಿಪ್ಲೊಮಾ ಓದಿದ್ದು ಅಂಥದ್ದೇ ಒಂದರಲ್ಲಿ. ಮುಂದುಗಡೆ ಗೋಡೆಗೆಲ್ಲ ನೀಲಿ ಗಾಜು ಹಾಕಿಸಿದ್ದರು. ಲ್ಯಾಬಿಗೆ ಮಾತ್ರ ಯಾವುದೋ ಕಂಪನಿಯವರು ಬೇಡವೆಂದು ಬಿಸಾಕಿದ ಮೂವತ್ತು ಕಂಪ್ಯೂಟರ್ ತಂದಿಟ್ಟಿದ್ದರು. ಅವುಗಳಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಮೂಲೆಯಲ್ಲಿದ್ದ ಒಂದೇ ಸರ್ವರ್ ಮೂವತ್ತನ್ನೂ ನಡೆಸುತ್ತಿತ್ತು. ಆ ಸರ್ವರನ್ನು ನಡೆಸುತ್ತಿದ್ದವರು ನಮ್ಮ ಲ್ಯಾಬ್ ಮೇಡಂ.

ಮೇಡಂ ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಅಪ್ಪನಿಗೆ ಉಸಿರಾಟದ ತೊಂದರೆಯಾಗಿ ಮಗ್ಗ ನಿಂತಿತ್ತು, ಮನೆ ನಡೆಯುತ್ತಿದ್ದುದು ಇವರ ಕೆಲಸದಿಂದ. ಅದೂ ತಾತ್ಕಾಲಿಕ ಕೆಲಸ. ನಾಲ್ಕು ವರ್ಷ ದುಡಿಸಿಕೊಂಡ ಮೇಲೆ, ಈ ವರ್ಷ ಖಾಯಂ ಮಾಡುತ್ತೇವೆ ಎಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಮೇಡಂ ಅದನ್ನು ನಂಬಿದ್ದರು.

ಕಾಲೇಜಿನಲ್ಲಿ ಇಂಟರ್ನೆಟ್ ಇದೆಯೆಂದು ಬೋರ್ಡಿನಲ್ಲಿ ಬರೆದಿತ್ತು, ಅಷ್ಟೇ. ಏರ್‌ಪೋರ್ಟಿಗೆಂದು ರಸ್ತೆ ಅಗಲ ಮಾಡುವವರು ವಾರಕ್ಕೊಂದು ಸಲ ಕೇಬಲ್ ಕತ್ತರಿಸಿ ಹಾಕುತ್ತಿದ್ದರು. ನಮ್ಮ ಸರ್ವರ್ ಓಡುತ್ತಿದ್ದ ಲಿನಕ್ಸಿನಲ್ಲಿ ಒಂದು ಪ್ರೋಗ್ರಾಂ ಹಾಕಬೇಕೆಂದರೆ ಅದು ಒಂಟಿಯಾಗಿ ಬರುವುದಿಲ್ಲ, ನೆಂಟರನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ಪ್ಯಾಕೇಜ್ ಅನ್ನುತ್ತಾರೆ ಈ ಕಟ್ಟುಗಳಿಗೆ; ಒಂದು ಪ್ಯಾಕೇಜಿಗೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ನೆಟ್ ಇದ್ದರೆ ಆಪ್ಟ್ ಅನ್ನುವ ಕಮಾಂಡೇ ಎಲ್ಲವನ್ನೂ ಹುಡುಕಿ ತರುತ್ತದೆ. ನಮ್ಮಲ್ಲಿ ಆಪ್ಟ್ ಮಾಡುವ ಕೆಲಸವನ್ನು ಮೇಡಂ ಮಾಡುತ್ತಿದ್ದರು. ಕಪ್ಪು ಪರದೆಯಲ್ಲಿ ಕಮಾಂಡ್ ಕೊಟ್ಟು, ಯಾವುದಕ್ಕೆ ಏನೇನು ಬೇಕೆಂದು ಕೇಳಿ, ಬರೆದುಕೊಂಡು, ಸಂಜೆ ಊರಿನ ಸೈಬರ್ ಸೆಂಟರಿನಲ್ಲಿ ಇಳಿಸಿಕೊಂಡು, ಮಾರನೇ ದಿನ ಬಸ್ಸಿನಲ್ಲಿ ಸಿ.ಡಿ. ತರುತ್ತಿದ್ದರು. ಹಾಕಿದರೆ ಅದು ಇನ್ನೇನೋ ಕೇಳುವುದು. ಮತ್ತೆ ಪಟ್ಟಿ, ಮತ್ತೆ ಬಸ್ಸು...

ಆ ಪಟ್ಟಿಗಳನ್ನು ಅವರು ಬರೆಯುತ್ತಿದ್ದುದು ಅಪ್ಪನ ಮಗ್ಗದ ಹಳೇ ಅಟ್ಟೆಗಳ ಹಿಂಬದಿಯಲ್ಲಿ. ಒಂದು ಪ್ಯಾಕೇಜಿಗೆ ಒಂದು ಅಟ್ಟೆ. ಯಾವುದಕ್ಕೆ ಯಾವುದು ಬೇಕೋ ಅವೆರಡರ ತೂತಿಗೆ ದಾರ ಪೋಣಿಸಿ ಗಂಟು. ಲ್ಯಾಬಿನ ಒಂದು ಗೋಡೆಯ ತುಂಬ ಈ ಸರಗಳು ನೇತಾಡುತ್ತಿದ್ದವು. ಲ್ಯಾಬಿಗೆ ಕಾಲಿಟ್ಟರೆ ಮಗ್ಗದ ಮನೆಯ ವಾಸನೆ. "ಮೇಡಂ ಸರ್ವರ್‌ಗೆ ಸೀರೆ ನೇಯ್ತಾವ್ರೆ ಕಣೇ," ಎಂದು ನಾವು ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದೆವು.

ಮೇಡಂ ಬೈಯುತ್ತಿರಲಿಲ್ಲ. ಕೆಳಗಿನ ಒಂದು ಅಟ್ಟೆ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ಗೋಡೆಯ ಆ ತುದಿಯಲ್ಲಿ ಯಾವುದೋ ಅಟ್ಟೆ ಅಲ್ಲಾಡುತ್ತಿತ್ತು. "ಹಾಕೋ ಮುಂಚೆ, ಇದಕ್ಕೆ ಏನು ಬೇಕು ಅಂತ ಕೇಳಿ. ತೆಗೆಯೋ ಮುಂಚೆ, ಇದು ಯಾರಿಗೆ ಬೇಕು ಅಂತ ಕೇಳಿ. ಎರಡನೇದನ್ನ ಯಾರೂ ಕೇಳಲ್ಲ," ಎನ್ನುತ್ತಿದ್ದರು. ಎರಡಕ್ಕೂ ಬೇರೆ ಬೇರೆ ಕಮಾಂಡ್ ಇವೆ. ಎರಡನ್ನೂ ನಮ್ಮ ಕೈಲಿ ಬರೆಸಿ ಬರೆಸಿ ಬೆರಳು ನೋಯಿಸಿದ್ದರು.

ಇನ್ನು ಆ ಮಹಾಶಯ. ಕಾಲೇಜಿನ ಕಾರ್ಯದರ್ಶಿಯವರ ಅಳಿಯ. ಬೆಂಗಳೂರಿನಲ್ಲಿ ಅದೇನೋ ಕಂಪ್ಯೂಟರ್ ವ್ಯವಹಾರವಂತೆ, ಆದ್ದರಿಂದ ನಮಗೆಲ್ಲ ಸಲಹೆಗಾರನಂತೆ. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು, ಗೋಡೆಯ ಅಟ್ಟೆಗಳನ್ನು ನೋಡಿ ಮೂಗು ಮುರಿದು ಹೋಗುತ್ತಿದ್ದ. ಸರ್ವರಿಗೆ ಅವನದೂ ಒಂದು ಲಾಗಿನ್ ಇರಲೇಬೇಕೆಂದು ಹಟ ಹಿಡಿದು ಮಾಡಿಸಿಕೊಂಡಿದ್ದ.

ಕೊನೇ ಪ್ರಾಕ್ಟಿಕಲ್ ಪರೀಕ್ಷೆಯ ದಿನ. ನಮ್ಮೂರಿಂದ ಇದ್ದುದು ಒಂದೇ ಬಸ್ಸಾದ್ದರಿಂದ ನಾನು ಎಂಟಕ್ಕೆ ಮುಂಚೆಯೇ ಲ್ಯಾಬಿನಲ್ಲಿದ್ದೆ. ಆತ ಸರ್ವರಿನ ಮುಂದೆ ಕೂತಿದ್ದ. ಪರೀಕ್ಷೆಗೆ ಹೊರಗಿನಿಂದ ಬರುವವರಿಗೆ ಕಾಲೇಜಿನ ವಿಡಿಯೋ ತೋರಿಸಬೇಕಿತ್ತಂತೆ. ಅದನ್ನು ಓಡಿಸುವ ಪ್ರೋಗ್ರಾಂ ಹಾಕಲು ಯಾವುದೋ ಹಳೇ ಪ್ಯಾಕೇಜ್ ಅಡ್ಡ ಬಂದಿತ್ತು. ತೆಗೆಯಲು ಕಮಾಂಡ್ ಕೊಟ್ಟ. ಇದನ್ನು ತೆಗೆದರೆ ಇವೆಲ್ಲ ಹೋಗುತ್ತವೆ ಎಂದು ಪರದೆಯ ತುಂಬ ಪಟ್ಟಿ ಬಂತು. ಕೊನೆಯಲ್ಲಿ, ಮುಂದುವರಿಯಲೇ ಎಂಬ ಪ್ರಶ್ನೆ. ಯಂತ್ರಕ್ಕಿರುವ ವಿವೇಕವೂ ಆ ಮನುಷ್ಯನಿಗಿರಲಿಲ್ಲ. "ಸಾರ್, ಪಟ್ಟಿ ದೊಡ್ಡದಿದೆ..." ಎಂದೆ. "ಹಳೇ ಕಸ ಕಣಮ್ಮ, ಏನೂ ಆಗಲ್ಲ," ಎಂದು ಎಂಟರ್ ಒತ್ತಿದ. ಅವನ ವಿಡಿಯೋ ಆಮೇಲೂ ಓಡಲಿಲ್ಲ. ಎದ್ದು ತಿಂಡಿಗೆ ಹೋದ.

ಮೇಡಂ ಬಂದಾಗ ಎಂಟೂ ಮುಕ್ಕಾಲು. ಮೂವತ್ತು ಪರದೆಗಳೂ ಕಪ್ಪು. ನಾನು ನೋಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಸರ್ವರಿನ ಮುಂದೆ ಕೂತು ಲಾಗ್ ತೆರೆದರು. ಯಾರು, ಎಷ್ಟು ಗಂಟೆಗೆ, ಏನು ತೆಗೆದರು ಎಂದು ಯಂತ್ರ ತಾನೇ ಬರೆದುಕೊಂಡಿರುತ್ತದಲ್ಲ, ಆ ಲಾಗ್. "ನೀನು ಓದ್ತಾ ಹೋಗು," ಎಂದರು. ನಾನು ಕಳೆದುಹೋದ ಪ್ಯಾಕೇಜುಗಳ ಹೆಸರು ಓದಿದೆ. ಅವರು ಗೋಡೆಯಿಂದ ಆ ಅಟ್ಟೆಗಳನ್ನು ಇಳಿಸಿ ನೆಲದ ಮೇಲೆ ಹಾಸಿದರು. ದಾರ ನೋಡಿಕೊಂಡು, ಯಾವುದನ್ನೂ ಕೇಳದ ಅಟ್ಟೆಯಿಂದ ಶುರು ಮಾಡಿ, ಒಂದೊಂದಾಗಿ ಸಿ.ಡಿ. ಹಾಕುತ್ತ ಮೇಲಕ್ಕೆ ಬಂದರು. ಹತ್ತಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಹನ್ನೊಂದೂವರೆಗೆ ಶುರುವಾಯಿತು. ನೆಟ್ ಇಲ್ಲದ ಲ್ಯಾಬಿನಲ್ಲಿ ಅದನ್ನು ಇನ್ನು ಯಾರ ಕೈಲೂ ಮಾಡಲಾಗುತ್ತಿರಲಿಲ್ಲ. ಇವತ್ತಿಗೂ ನಾನು ಆಣೆ ಇಟ್ಟು ಹೇಳಬಲ್ಲೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ತಡವಾದದ್ದನ್ನು ವರದಿಯಲ್ಲಿ ಬರೆದರು. ಸಂಜೆ ಮೇಡಂಗೆ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು, ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಕಾರ್ಯದರ್ಶಿ ಕೂತಿದ್ದರು, ಪಕ್ಕದಲ್ಲಿ ಅಳಿಯ. ಮೇಡಂ ನಿಂತಿದ್ದರು. ಸರ್ವರ್ ಅವರ ಜವಾಬ್ದಾರಿ, ಆದ್ದರಿಂದ ತಪ್ಪೂ ಅವರದೇ ಎಂಬ ಹಾಗೆ ಮಾತು ನಡೆದಿತ್ತು. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಅನ್ನುತ್ತಾರೆ; ಆ ದಿನ ಅದನ್ನು ಕಣ್ಣಾರೆ ಕಂಡೆ.

"ಲಾಗ್ ಇದೆ ಸಾರ್," ಎಂದರು ಮೇಡಂ.

"ಲಾಗ್ ಏನ್ ಮಹಾ? ಪಾಸ್‌ವರ್ಡ್ ಇವರ ಹತ್ರ ಐತೆ. ಹೆಂಗ್ ಬೇಕಾದ್ರೂ ತಿದ್ಕೋಬೋದು," ಎಂದ ಆತ, ಕಾಲ ಮೇಲೆ ಕಾಲು ಹಾಕಿಕೊಂಡೇ.

ಮೇಡಂ ನನ್ನ ಕಡೆ ತಿರುಗಿದರು. "ಈ ಹುಡುಗಿ ಅಲ್ಲೇ ಇದ್ಲು ಸಾರ್. ಕೇಳಿ."

ಎಲ್ಲರೂ ನನ್ನನ್ನು ನೋಡಿದರು. ಇಂಟರ್ನಲ್ ಮಾರ್ಕ್ಸ್ ಪಟ್ಟಿ ಪ್ರಿನ್ಸಿಪಾಲರ ಮೇಜಿನ ಮೇಲೇ ಇತ್ತು. ಇನ್ನೂ ಸಹಿ ಆಗಿರಲಿಲ್ಲ. "ನಂಗೊತ್ತಿಲ್ಲ ಸಾರ್. ನಾನು ಸರಿಯಾಗಿ ನೋಡ್ಲಿಲ್ಲ," ಎಂದೆ.

ಮೇಡಂ ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ಒಂದು ಮಾತು ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ... ಅವರು ಬೈಯದೆ ಹೋದದ್ದರ ಮೇಲೂ ನನಗೆ ಎಷ್ಟೋ ವರ್ಷ ಸಿಟ್ಟಿತ್ತು. ತಿಂಗಳ ಕೊನೆಗೆ ಅವರನ್ನು ಬರಬೇಡಿ ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಲ್ಯಾಬಿಗೆ ಸುಣ್ಣ ಬಳಿಸುವಾಗ ಗೋಡೆಯ ಅಟ್ಟೆಗಳನ್ನೆಲ್ಲ ಕಿತ್ತು ನೀರು ಕಾಯಿಸಲು ಉರಿಹಾಕಿದರು. ನನಗೆ ಮಾರ್ಕ್ಸು ಚೆನ್ನಾಗಿಯೇ ಬಂತು.

ಹೋಗುವ ದಿನ ಬಸ್ ಸ್ಟಾಪಿನಲ್ಲಿ ಮೇಡಂ ಒಂದೇ ಒಂದು ಅಟ್ಟೆಯನ್ನು ನನ್ನ ಕೈಗಿಟ್ಟರು. ದಾರ ಕತ್ತರಿಸಿದ್ದರು. "ನಿನ್ ಹತ್ರ ಇರ್ಲಿ. ಯಾವತ್ತಾದ್ರೂ ಯಾರಾದ್ರೂ ಕೇಳಿದ್ರೆ ಓದಿ ಹೇಳು," ಎಂದರು. ಅಷ್ಟೇ. ಬಸ್ಸು ಬಂತು, ಹತ್ತಿದರು.

ನಾನೀಗ ತ್ಯಾಮಗೊಂಡ್ಲು ಕಡೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇನೆ. ತೆಗೆಯುವ ಮುಂಚೆ ಇದು ಯಾರಿಗೆ ಬೇಕು ಅಂತ ಕೇಳಿ ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ. ಮೇಡಂ ಆಮೇಲೆ ಯಾವುದೋ ಅಂಗಡಿಯಲ್ಲಿ ಬಿಲ್ ಹೊಡೆಯುತ್ತಿದ್ದರಂತೆ. ಗುಜರಿ ಅಂಗಡಿಯಿಂದ ಸೀದಾ ಅವರ ಬೀದಿಗೆ ಹೋದೆ, ಇಷ್ಟು ವರ್ಷದ ಮೇಲೆ. ಪಕ್ಕದ ಮನೆಯಾಕೆ ಗೇಟಿನಲ್ಲೇ ನಿಂತು, "ಅವ್ರು ತೀರ್ಕೊಂಡು ಎರಡು ವರ್ಷ ಆಯ್ತಲ್ಲಮ್ಮ. ನಿಮಗ್ಯಾರೂ ಹೇಳ್ಲಿಲ್ವಾ?" ಎಂದರು.

ಮನೆಗೆ ಬಂದು ಟ್ರಂಕಿನಿಂದ ಅಟ್ಟೆ ತೆಗೆದೆ. ಅದೇ ವಾಸನೆ. ಯಾರಾದರೂ ಕೇಳಲಿ ಎಂದು ಕಾದೆ, ಯಾರೂ ಕೇಳಲಿಲ್ಲ. ಕಾಯಬಾರದಿತ್ತು. ಥೂ, ನನ್ನ ಜನ್ಮಕ್ಕಿಷ್ಟು. ಕೇಳದಿದ್ದರೂ ಈಗ ಓದುತ್ತೇನೆ.

ಬೆಳಿಗ್ಗೆ ಏಳು ಐವತ್ತೆರಡು. ಲಾಗಿನ್, ಕಾರ್ಯದರ್ಶಿಯವರ ಅಳಿಯನದು. ಕೊಟ್ಟ ಕಮಾಂಡ್, ತೆಗೆದುಹಾಕು. ಅದರ ಕೆಳಗೆ ಮೇಡಂ ತಮ್ಮ ದುಂಡನೆಯ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದಿದ್ದಾರೆ. ಕಣ್ಣಾರೆ ನೋಡಿದವರು, ಎಂದು. ಅದರ ಮುಂದೆ ನನ್ನ ಹೆಸರಿದೆ.

ಹೌದು ಮೇಡಂ, ನಾನು ನೋಡಿದ್ದೆ.