ಕೇಳಿಸದ ಗಿಟಾರು

ಸ್ಯಾನ್ ಡಿಯೇಗೊದ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ಉದಯಶಂಕರ ಮೂವತ್ತು ವರ್ಷ ಗಿಟಾರು ನುಡಿಸಿದರು, ಒಬ್ಬರಿಗೂ ಕೇಳಿಸಲಿಲ್ಲ. ದೂರುವಂಥದ್ದೇನಿಲ್ಲ, ಕೆಲಸವೇ ಅಂಥದ್ದು. ಹಳೆಯ ಸ್ವಿಂಗ್ ಜಾಝ್ ಬ್ಯಾಂಡಿನಲ್ಲಿ ಮೆರೆಯುವುದು ತುತ್ತೂರಿ, ಸ್ಯಾಕ್ಸೊಫೋನುಗಳು. ಗಿಟಾರಿನವನು ಮೈಕಿಲ್ಲದೆ ಹಿಂದೆ ಕೂತು ಚಕ್ ಚಕ್ ಎಂದು ಲಯ ಹಿಡಿದಿರಬೇಕು, ಅಷ್ಟೆ.

ಎಂ.ಎಸ್. ಓದಲು ಲಾಸ್ ಏಂಜಲೀಸಿಗೆ ಬಂದಾಗ ಬಾಡಿಗೆ ಮನೆಯ ಮಾಲೀಕ, ಒಬ್ಬ ಮುದುಕ, ಈ ಗೀಳು ಹತ್ತಿಸಿದ್ದ. ಆಮೇಲೆ ಸ್ಯಾನ್ ಡಿಯೇಗೊದಲ್ಲಿ ಟೆಲಿಕಾಂ ನೌಕರಿ, ಮದುವೆ, ಮನೆ ಎಲ್ಲ ಆದರೂ ಭಾನುವಾರದ ರಿಹರ್ಸಲ್‌ಗೆ ಲಾಸ್ ಏಂಜಲೀಸಿಗೆ ಓಡುವುದು ತಪ್ಪಲಿಲ್ಲ. ಬರುವಾಗ ದಾರಿಯಲ್ಲಿ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಲ್ಲಿ ಕರಿಬೇವು, ಮೈಸೂರ್ ಪಾಕ್ ಕೊಂಡು ಹೆಂಡತಿ ರಜನಿಯ ಮುಂದಿಡುತ್ತಿದ್ದರು. ಕರ್ನಾಟಕ ಸಂಗೀತ ಕೇಳಿ ಬೆಳೆದ ರಜನಿ ಮೈಸೂರ್ ಪಾಕನ್ನು ವಿಚಾರಿಸಿಕೊಳ್ಳುತ್ತಿದ್ದರೇ ಹೊರತು ಗಿಟಾರನ್ನಲ್ಲ. ಹಿತ್ತಲ ಗಿಡ ಮದ್ದಲ್ಲ, ನೋಡಿ.

2020ರ ಲಾಕ್‌ಡೌನಿನಲ್ಲಿ ಬ್ಯಾಂಡಿನವರು ತಂತಮ್ಮ ಮನೆಯಲ್ಲೇ ನುಡಿಸಿ, ರೆಕಾರ್ಡ್ ಮಾಡಿ ಜೋಡಿಸಬೇಕಾಯಿತು. ಮೊದಲು ಲಯ ಬೇಕಲ್ಲ? ಉದಯಶಂಕರ ಊಟದ ಮೇಜಿನ ಬಳಿ ಒಬ್ಬರೇ ನುಡಿಸಿದರು. ರಜನಿ ಮೊದಲ ಬಾರಿಗೆ ಕೂತು ಪೂರ್ತಿ ಕೇಳಿದರು.

"ಇಷ್ಟೇನಾ ರೀ? ಇದಕ್ಕಾ ಅಷ್ಟು ದೂರ ಡ್ರೈವ್ ಮಾಡ್ತಿದ್ದಿದ್ದು?"

"ಒಗ್ಗರಣೆ ಸದ್ದು ಮಾಡುತ್ತೆ, ಉಪ್ಪು ಮಾಡಲ್ಲ ಕಣೇ" ಎಂದು ಅವರು ನಕ್ಕರು, ನಿಜ. ಆದರೆ ಮಾತು ನಾಟಿತ್ತು. ಎಡಗೈ ಬೆರಳುಗಳೂ ಈಚೆಗೆ ಸೆಟೆದುಕೊಳ್ಳತೊಡಗಿದ್ದವು. ಬ್ಯಾಂಡು ಮತ್ತೆ ಸೇರಿದಾಗ, ಇನ್ನೊಂದು ಕಾರ್ಯಕ್ರಮ ಮುಗಿಸಿ ಗಿಟಾರು ಬಿಡುವುದೆಂದು ನಿರ್ಧರಿಸಿದರು.

"ಇದೇ ಕೊನೇದು, ನೀನೂ ಬಾ" ಎಂದು ರಜನಿಯನ್ನೂ ಕರೆದೊಯ್ದರು.

ಲಾಸ್ ಏಂಜಲೀಸಿನ ಒಂದು ಪಾರ್ಕಿನ ವೇದಿಕೆ, ಮಧ್ಯಾಹ್ನದ ಹೊತ್ತು. ಮುಂದಿನ ಸಾಲಿನಲ್ಲಿ ಕೂತ ರಜನಿ ಸಂಗೀತ ಕಚೇರಿಯ ಅಭ್ಯಾಸದಂತೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಒಂದು ಹಾಡಿನ ನಡುವೆ ಉದಯಶಂಕರರ ಬೆರಳು ಸೆಟೆದುಕೊಂಡು ಗಿಟಾರು ನಿಂತಿತು. ಡ್ರಮ್ಮು, ತುತ್ತೂರಿ ಯಾವುದೂ ನಿಲ್ಲಲಿಲ್ಲ. ಆದರೆ ರಜನಿಯ ಕೈ ಗಾಳಿಯಲ್ಲೇ ಉಳಿಯಿತು. ಎಲ್ಲಿ ಇಳಿಸಬೇಕೋ ತಿಳಿಯದೆ ತಬ್ಬಿಬ್ಬಾಗಿ, ತುತ್ತೂರಿಗಳ ಹಿಂದೆ ಗಂಡನನ್ನು ಹುಡುಕಿದರು. ಅವರು ಬೆರಳು ಕೊಡವಿ ಮತ್ತೆ ಲಯ ಹಿಡಿದ ಮೇಲೆಯೇ ಆ ಕೈ ತೊಡೆಗಿಳಿದದ್ದು.

ವಾಪಸು ಬರುವಾಗ ಎಂದಿನಂತೆ ಆರ್ಟೀಸಿಯಾದಲ್ಲಿ ಕಾರು ನಿಲ್ಲಿಸಿದರು. ರಜನಿ ಇಳಿಯಲಿಲ್ಲ.

"ನೀವು ನಿಲ್ಲಿಸಿದ್ರಲ್ಲ, ಆಗ ಕೇಳಿಸ್ತು ರೀ ನಂಗೆ" ಎಂದರು. ಅವರ ಕಣ್ಣು ತುಂಬಿತ್ತು. ಗಂಡನ ಎಡಗೈ ಎಳೆದುಕೊಂಡು ಒಂದೊಂದೇ ಬೆರಳು ನೀವತೊಡಗಿದರು.

"ಭಾನುವಾರ ರಿಹರ್ಸಲ್‌ಗೆ ನಾನು ಡ್ರೈವ್ ಮಾಡ್ತೀನಿ. ಕೈಗೆ ರೆಸ್ಟ್ ಕೊಡಿ."